ಮಣ್ಣಿಗೆ ಇಲಾಖೆ, ಮನುಷ್ಯರಿಗೆ ರಸ್ತೆಬದಿ

ಮಣ್ಣು ಎಂದೂ ಮುಗಿಯದ ಆಸ್ತಿ, ಎಷ್ಟು ಉತ್ತರೂ ಎಷ್ಟು ಬಿತ್ತಿದರೂ ಅದಕ್ಕೆ ನಾಶವೆಂಬುದಿಲ್ಲ ಎಂದು ಅಮೆರಿಕದ ಕೃಷಿ ಇಲಾಖೆಯ ಮಣ್ಣು ವಿಭಾಗ 1909ರಲ್ಲಿ ಪುಸ್ತಿಕೆ ಅಚ್ಚು ಹಾಕಿಸಿ ಸಾರಿತು. ನಮ್ಮ ಹಿರಿಯರು ಆತ್ಮಕ್ಕೆ ಮಾತ್ರ ಕೊಟ್ಟಿದ್ದ ಸರ್ಟಿಫಿಕೇಟನ್ನು ಅವರು ಮಣ್ಣಿಗೂ ಕೊಟ್ಟುಬಿಟ್ಟರು. ಸರ್ಕಾರವೇ ಹೇಳಿದ ಮೇಲೆ ಮಣ್ಣು ಸಾಯುವ ಧೈರ್ಯ ಮಾಡೀತೇ? ಮಾಡಿತು. ಮೊದಲಿನಿಂದಲೂ ಮಾಡುತ್ತಲೇ ಇತ್ತು. ಇಲಾಖೆಯ ಗಮನಕ್ಕೆ ಬಂದಿರಲಿಲ್ಲ, ಅಷ್ಟೇ.

ಗಮನಕ್ಕೆ ಬಂದಿದ್ದು ಅದೇ ವಿಭಾಗದಲ್ಲಿ ಸಂಬಳಕ್ಕಿದ್ದ ಒಬ್ಬ ಸರ್ವೇದಾರರಿಗೆ. ಹ್ಯೂ ಹ್ಯಾಮಂಡ್ ಬೆನೆಟ್, ಉತ್ತರ ಕ್ಯಾರೊಲಿನಾದವರು. 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಮಣ್ಣು ನೋಡುತ್ತಾ ಹೋದವರಿಗೆ ಒಂದು ಕಡೆ ಕಾಡು, ಅದರ ಮಗ್ಗುಲಲ್ಲೇ ಹೊಲ ಸಿಕ್ಕಿತು. ಅದೇ ಇಳಿಜಾರು, ಹುಟ್ಟಿನಲ್ಲಿ ಅದೇ ಮಣ್ಣು. ಕಾಡಿನ ನೆಲ ಒಣ ಹವೆಯಲ್ಲೂ ಬರಿಗೈಯಲ್ಲಿ ಬಗೆಯುವಷ್ಟು ಮೆತ್ತಗಿತ್ತು, ತೇವವಿತ್ತು. ಹೊಲದ್ದು ಬರೀ ಗಟ್ಟಿ ಜೇಡಿ. ಕೊರಕಲಿಲ್ಲ, ಕುಸಿತವಿಲ್ಲ, ಆದರೂ ಮೇಲ್ಮಣ್ಣು ನಾಪತ್ತೆ. ಮಳೆ ಬಂದಾಗಲೆಲ್ಲ ಒಂದೊಂದು ತೆಳು ಪದರ ಸದ್ದಿಲ್ಲದೆ ಇಳಿದು ಹಳ್ಳ ಸೇರಿತ್ತು. ಉಳುತ್ತಿದ್ದವರಿಗೆ ಕಂಡದ್ದು ಇಷ್ಟೇ: ಅಪ್ಪನ ಕಾಲದ ಇಳುವರಿ ಈಗಿಲ್ಲ, ಗೊಬ್ಬರದಂಗಡಿಯ ಸಾಲ ಮಾತ್ರ ಇದೆ.

ಬೆನೆಟ್ ಸಾಹೇಬರು 20 ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಹೇಳಿದರು. ಮಣ್ಣಿನ ಸವಕಳಿ ದೇಶಕ್ಕೇ ಗಂಡಾಂತರ ಎಂದು 1928ರಲ್ಲಿ ಸರ್ಕಾರಿ ಸುತ್ತೋಲೆಯನ್ನೂ ಹೊರತಂದರು. ಷೇರುಪೇಟೆ ಮುಗಿಲು ಮುಟ್ಟುತ್ತಿದ್ದ ವರ್ಷ ಅದು. ಮುಗಿಲು ನೋಡುವವರಿಗೆ ನೆಲ ಯಾಕೆ? ಅಷ್ಟರಲ್ಲಾಗಲೇ ಮಿಸ್ಸೂರಿಯ ಕೃಷಿ ಕಾಲೇಜಿನವರು ಸಣ್ಣ ಸಣ್ಣ ತಾಕುಗಳ ಕೆಳಗೆ ತೊಟ್ಟಿ ಇಟ್ಟು, ಕೊಚ್ಚಿ ಬಂದ ಮಣ್ಣನ್ನು ತೂಗಿ ನೋಡಿದ್ದರು. ಇಳಿಜಾರಿನಲ್ಲಿ ವರ್ಷವೂ ಮೆಕ್ಕೆಜೋಳವೇ ಬೆಳೆದರೆ ಮೇಲ್ಮಣ್ಣು ಒಂದೆರಡು ತಲೆಮಾರಿಗೆ ಖಾಲಿ. ಅದೇ ನೆಲಕ್ಕೆ ಹುಲ್ಲು ಹೊದಿಸಿದರೆ ಸಾವಿರಾರು ವರ್ಷ ಬಾಳುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಹುಲ್ಲನ್ನು ಬ್ಯಾಂಕಿನವರು ಬಡ್ಡಿಗೆ ಜಮಾ ಮಾಡಿಕೊಳ್ಳುವುದಿಲ್ಲವಲ್ಲ. ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಬಂತೆಂದು ಹುಲ್ಲುಗಾವಲು ಮುರಿದು ಉತ್ತರು. ಬೆಲೆ ಬಿದ್ದ ಮೇಲೆ, ಸಾಲ ತೀರಿಸಬೇಕೆಂದು ಇನ್ನಷ್ಟು ಮುರಿದು ಉತ್ತರು. 1934ರಲ್ಲಿ ಸರ್ಕಾರವೇ ಹಾನಿಯ ಲೆಕ್ಕ ತೆಗೆದಾಗ ಉಳುತ್ತಿದ್ದ ಭೂಮಿಯಲ್ಲಿ 3.5 ಕೋಟಿ ಎಕರೆ ಪೂರ್ತಿ ಕೈಬಿಟ್ಟಿತ್ತು, ಇನ್ನೊಂದು 10 ಕೋಟಿ ಎಕರೆಯ ಮೇಲ್ಮಣ್ಣು ಬಹುಪಾಲು ಹೋಗಿತ್ತು. ನಾಶವಿಲ್ಲದ ಆಸ್ತಿಯ ನಾಶದ ಲೆಕ್ಕ ಇದು.

ಇಷ್ಟು ಹಾನಿ ಆಗುತ್ತಿದ್ದಾಗಲಾದರೂ ಸರ್ಕಾರ ಮಣ್ಣಿಗಾಗಿ ಎದ್ದಿತೆಂದುಕೊಂಡರೆ ತಪ್ಪು. 1933ರಲ್ಲಿ ಬೆನೆಟ್ ಕೈಗೆ ಕೊಟ್ಟ 50 ಲಕ್ಷ ಡಾಲರ್ ನಿರುದ್ಯೋಗ ಪರಿಹಾರದ ಬಾಬ್ತಿನದು. ಕೆಲಸವಿಲ್ಲದ ಹುಡುಗರಿಗೆ ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ. ಮಿಕ್ಕ 5 ಡಾಲರಿನ ಹುರುಪಿನಲ್ಲಿ ಅವರು ಬದು ಹಾಕಬೇಕು, ಕೊರಕಲಿಗೆ ಅಡ್ಡಗಟ್ಟೆ ಕಟ್ಟಬೇಕು, ಗಿಡ ನೆಡಬೇಕು. ಒಳ್ಳೆಯ ಕೆಲಸವನ್ನೇ ಮಾಡಿದರು ಪಾಪ. ಬರಗಾಲ ಬಂದಾಗ ಕೆರೆ ಹೂಳು ನೆನಪಾಗುವುದು ಎಲ್ಲ ಸರ್ಕಾರಗಳಿಗೂ ಇರುವ ಗುಣ.

ಕಾಯಂ ಇಲಾಖೆ ಬೇಕಾದರೆ ನಾಟಕ ಆಡಬೇಕು ಎಂಬುದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಸಂಸದರ ಸಮಿತಿಯ ಮುಂದೆ ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಿ ನೀರು ಸುರಿದರಂತೆ, ಟವೆಲ್ ಕುಡಿಯಿತು. ಟವೆಲ್ ತೆಗೆದು, ಪಾಲಿಶ್ ಮಾಡಿದ ಬರೀ ಮೇಜಿನ ಮೇಲೆ ಅಷ್ಟೇ ನೀರು ಸುರಿದರಂತೆ. ಹರಿದು ಮಾನ್ಯ ಸದಸ್ಯರ ತೊಡೆ ಸೇರಿತು. ಹುಲ್ಲಿನ ಹೊದಿಕೆಗೂ ಪ್ರವಾಹಕ್ಕೂ ಇರುವ ನಂಟನ್ನು ಪ್ಯಾಂಟು ಒದ್ದೆಯಾದಾಗಲೇ ಜನಪ್ರತಿನಿಧಿಗಳು ಅರ್ಥ ಮಾಡಿಕೊಂಡದ್ದು. 1935ರ ವಸಂತದಲ್ಲಿ ಇನ್ನೂ ದೊಡ್ಡ ಆಟ. ಪಶ್ಚಿಮದ ಬಯಲಿನಿಂದ ಧೂಳಿನ ಬಿರುಗಾಳಿ ರಾಜಧಾನಿಯ ಕಡೆ ಹೊರಟಿದೆ ಎಂಬ ಸುದ್ದಿ ಜೇಬಿನಲ್ಲಿಟ್ಟುಕೊಂಡೇ ಬೆನೆಟ್ ಸೆನೆಟ್ ಸಮಿತಿಯ ಮುಂದೆ ಭಾಷಣ ಎಳೆದರು, ಎಳೆದರು, ಆಕಾಶ ಕಪ್ಪಾಗುವ ತನಕ ಎಳೆದರು. ಕಿಟಕಿಯ ಬಳಿ ಹೋಗಿ ನೋಡಿದ ಸೆನೆಟರುಗಳಿಗೆ ಸಾವಿರಾರು ಮೈಲಿ ಆಚೆಯ ರೈತನ ಹೊಲ ತಮ್ಮ ಮನೆ ಬಾಗಿಲಿಗೇ ಬಂದದ್ದು ಕಂಡಿತು. ಆ ರೈತನೇ ಬಂದಿದ್ದರೆ ಗೇಟಿನಲ್ಲಿ ತಡೆಯುತ್ತಿದ್ದರು. ಧೂಳಿಗೆ ಪಾಸ್ ಬೇಕಾಗಲಿಲ್ಲ. ಏಪ್ರಿಲ್ 27ಕ್ಕೆ ಕಾನೂನಾಯಿತು, ಇಲಾಖೆಯಾಯಿತು.

ಆ ವರ್ಷ ಸಲಹೆಗಳ ಸುಗ್ಗಿ. ಧೂಳು ಏಳದಂತೆ ಹೊಲಗಳ ಮೇಲೆ ಡಾಂಬರು ಸಿಂಪಡಿಸಿಕೊಡುತ್ತೇವೆ, ಎಕರೆಗೆ 5 ಡಾಲರ್ ಎಂದು ಕಂಪನಿಯೊಂದು ಮುಂದೆ ಬಂತು. ಸವಕಳಿ ಖಂಡಿತ ನಿಲ್ಲುತ್ತಿತ್ತು, ಬೇಸಾಯವೂ. ಟೆಕ್ಸಾಸಿನ ಡಾಲ್‌ಹಾರ್ಟ್ ಊರಿನವರು ಚಂದಾ ಎತ್ತಿ, ಮೋಡಕ್ಕೆ ಸಿಡಿಮದ್ದು ಹಾರಿಸುವ ಟೆಕ್ಸ್ ಥಾರ್ನ್‌ಟನ್ ಎಂಬ ಮಳೆರಾಯನನ್ನು ಕರೆಸಿದರು. ಮುಗಿಲಿಗೆ ಕೇಳಿಸಿತೋ ಇಲ್ಲವೋ, ವಿಳಾಸ ಮಾತ್ರ ತಪ್ಪಿತು. ಮೇ ಕೊನೆಗೆ ಮಳೆ ಸುರಿದದ್ದು ಕೊಲರಾಡೊ, ನೆಬ್ರಾಸ್ಕಾ ಕಡೆಗೆ. ಬರದಲ್ಲಿ ಬೆಂದಿದ್ದ ಬಯಲಿನ ನಡುವೆ ರಿಪಬ್ಲಿಕನ್ ನದಿ ರಾತ್ರೋರಾತ್ರಿ ಉಕ್ಕಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಒಂದೇ ವಸಂತದಲ್ಲಿ ಧೂಳು ಕುಡಿದವರು ನೀರು ಕುಡಿದು ಸತ್ತರು.

ಇಲಾಖೆ ಬಂದ ಮೇಲೆ ಯೋಜನೆ ಬೇಕು. ಯೋಜನೆಗೊಂದು ಗಿಡ ಬೇಕು. ಸಿಕ್ಕಿದ್ದು ಕುಡ್ಜು. 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನಕ್ಕೆ ಜಪಾನಿನಿಂದ ಬಂದು ಚಪ್ಪರಕ್ಕೆ ಹಬ್ಬಿಕೊಂಡಿದ್ದ ಸಭ್ಯ ಬಳ್ಳಿ. ದಕ್ಷಿಣದ ಕೊರಕಲುಗಳನ್ನು ಮುಚ್ಚಲು ಇದೇ ಮದ್ದೆಂದು ಇಲಾಖೆ ಸುಮಾರು 8.5 ಕೋಟಿ ಸಸಿ ಹಂಚಿತು. ನೆಟ್ಟವರಿಗೆ ಎಕರೆಗೆ 8 ಡಾಲರ್‌ವರೆಗೆ ಇನಾಮು. ಅಟ್ಲಾಂಟಾದ ಪತ್ರಿಕೆ, ರೇಡಿಯೊಗಳಲ್ಲಿ ಚಾನಿಂಗ್ ಕೋಪ್ ಎಂಬವರು ಕುಡ್ಜು ಮಹಾತ್ಮೆಯ ಪಾರಾಯಣವನ್ನೇ ಶುರುಮಾಡಿದರು, 1940ರ ದಶಕದಲ್ಲಿ ಅದಕ್ಕೊಂದು ಸಂಘವೂ ಆಯಿತು. ಬಳ್ಳಿ ನಿಷ್ಠೆಯಿಂದ ಕೊರಕಲು ಮುಚ್ಚಿತು. ಆಮೇಲೆ ಬೇಲಿ ಮುಚ್ಚಿತು, ಮರ ಮುಚ್ಚಿತು, ತಂತಿಕಂಬ ಮುಚ್ಚಿತು, ಖಾಲಿ ಬಿದ್ದ ಮನೆಗಳನ್ನೂ ಮುಚ್ಚಿತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾವು ಮಾತಿಗೆ ಹೇಳುತ್ತೇವೆ, ಅಲ್ಲಿ ಸರ್ಕಾರವೇ ಸಹಾಯಧನ ಕೊಟ್ಟು ಮೇಯಿಸಿತು. 1953ರಲ್ಲಿ ಇಲಾಖೆ ಅದನ್ನು ಶಿಫಾರಸಿನ ಪಟ್ಟಿಯಿಂದ ಮೆಲ್ಲಗೆ ಕೈಬಿಟ್ಟಿತು. ಮುಂದೆ ಕಳೆ ಎಂದು ಹೆಸರಿಟ್ಟಿತು. ನೆಡಲು ದುಡ್ಡು, ಕೀಳಲು ದುಡ್ಡು. ಯೋಜನೆ ಎಂದರೆ ಹೀಗಿರಬೇಕು.

ಆದರೂ ನನ್ನ ಮೆಚ್ಚುಗೆ 1936ರ ಕಾನೂನು ಪಂಡಿತರಿಗೇ ಸಲ್ಲಬೇಕು. ಅದರ ಹಿನ್ನೆಲೆ ಸ್ವಲ್ಪ ಕೇಳಿ. ಬೆಲೆ ಏರಲೆಂದು 1933ರಲ್ಲಿ ಸರ್ಕಾರ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ನಿಂತ ಪೈರಿನಲ್ಲೇ ಉತ್ತುಹಾಕಿಸಿತ್ತು, ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿತ್ತು. ಸಾಲು ತುಳಿಯದಂತೆ ಪಳಗಿಸಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಒಪ್ಪಲಿಲ್ಲ ಎಂದು ಜನ ಹೇಳಿಕೊಂಡು ನಕ್ಕರು. ಆ ಇಡೀ ಕಾರ್ಯಕ್ರಮದಲ್ಲಿ ತಕರಾರು ದಾಖಲಿಸಿದ ಪ್ರಜ್ಞಾವಂತ ವರ್ಗ ಅದೊಂದೇ. ಬೆಳೆ ಕಡಿಮೆ ಮಾಡಲು ರೈತರಿಗೆ ಹೀಗೆ ದುಡ್ಡು ಕೊಡುವುದು ಸಂವಿಧಾನಬಾಹಿರ ಎಂದು 1936ರ ಜನವರಿ 6ರಂದು ಸುಪ್ರೀಂ ಕೋರ್ಟ್ ಹೇಳಿತು. ಎರಡು ತಿಂಗಳೂ ಆಗಿರಲಿಲ್ಲ, ಹೊಸ ಕಾನೂನು ಸಿದ್ಧ. ಈಗ ದುಡ್ಡು ಬೆಳೆ ಕಡಿಮೆ ಮಾಡಿದ್ದಕ್ಕಲ್ಲ ಸ್ವಾಮಿ, ಮಣ್ಣು ಉಳಿಸಿದ್ದಕ್ಕೆ! ಮಣ್ಣು ತಿನ್ನುವ ಬೆಳೆ ಬಿಟ್ಟು ಮಣ್ಣು ಕಾಯುವ ಬೆಳೆ ಹಾಕಿದರೆ ಚೆಕ್ಕು. ಮಣ್ಣು ತಿನ್ನುವ ಬೆಳೆಗಳು ಯಾವುವು ಎಂದು ಪಟ್ಟಿ ನೋಡಿದರೆ ಹತ್ತಿ, ಗೋಧಿ, ಮೆಕ್ಕೆಜೋಳ, ತಂಬಾಕು: ಗೋದಾಮಿನಲ್ಲಿ ರಾಶಿ ಬಿದ್ದು ಬೆಲೆ ಕಳೆದುಕೊಂಡವೇ ಎಲ್ಲ. ಅತ್ತೆಯ ಹೆಸರಿನಲ್ಲಿದ್ದ ಖಾತೆ ಸೊಸೆಯ ಹೆಸರಿಗೆ ಆಯಿತು. ಮಣ್ಣಿಗೂ ಒಂದಿಷ್ಟು ಲಾಭವಾಯಿತೆನ್ನಿ.

ಮಾರನೇ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರುಗಳಿಗೆ ಮಾದರಿ ಮಸೂದೆ ಕಳಿಸಿ, ರೈತರೇ ನಡೆಸುವ ಮಣ್ಣು ಸಂರಕ್ಷಣಾ ಜಿಲ್ಲೆಗಳನ್ನು ಮಾಡಿಕೊಳ್ಳಿ ಎಂದರು. ದೇಶದ ಮೊಟ್ಟಮೊದಲ ಜಿಲ್ಲೆ ಎಲ್ಲಿ ಆಯಿತು? ಉತ್ತರ ಕ್ಯಾರೊಲಿನಾದ ಬ್ರೌನ್ ಕ್ರೀಕ್, ಅಂದರೆ ಬೆನೆಟ್ ಸಾಹೇಬರು ಹುಟ್ಟಿ ಬೆಳೆದ ಸೀಮೆ. ಮಂತ್ರಿಯ ಊರಿಗೆ ಮೊದಲು ರಸ್ತೆ ಆಗುವುದನ್ನು ನೋಡಿದ ನಮಗೆ ಇದರಲ್ಲಿ ಆಶ್ಚರ್ಯ ಪಡಲು ಏನೂ ಇಲ್ಲ.

ಸುಳ್ಳು ಹೇಳಬಾರದು, ಕೆಲವು ಕಡೆ ಕೆಲಸ ಚೆನ್ನಾಗಿಯೇ ಆಯಿತು. ವಿಸ್ಕಾನ್ಸಿನ್ನಿನ ಕೂನ್ ಕಣಿವೆಯಲ್ಲಿ ಸುಮಾರು ಅರ್ಧದಷ್ಟು ರೈತರು ಐದು ವರ್ಷದ ಕರಾರಿಗೆ ಸಹಿ ಹಾಕಿದರು. ನೇರ ಸಾಲು ಹೊಡೆಯುವುದೇ ಗಂಡಸುತನ ಎಂದುಕೊಂಡಿದ್ದವರು ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಡೊಂಕಿಗೆ ಡೊಂಕಾಗಿ ಉತ್ತರು. ಒಂದು ಪಟ್ಟೆ ಮೆಕ್ಕೆಜೋಳ, ಪಕ್ಕದ ಪಟ್ಟೆ ಮೇವು ಹಾಕಿದರು. ಗುಡ್ಡದ ಕಡಿದಾದ ಇಳಿಜಾರಿಗೆ ದನ ಬಿಡುವುದನ್ನು ನಿಲ್ಲಿಸಿದರು. ಹಳ್ಳದ ಪ್ರವಾಹ ತಗ್ಗಿತು. ಅಲ್ಲಿನವರು ಬಹುಪಾಲು ಸ್ವಂತ ಜಮೀನಿನವರು. ಇವತ್ತು ಹಾಕಿದ ಬದು ಹತ್ತು ವರ್ಷದ ಮೇಲೆ ತನ್ನ ಮಗನಿಗೆ ಸಿಗುತ್ತದೆ ಎಂಬ ನಂಬಿಕೆ ಇದ್ದವರು.

ದಕ್ಷಿಣದ ಹತ್ತಿ ಸೀಮೆಯಲ್ಲಿ ಆ ಮಾತೇ ಇರಲಿಲ್ಲ. ಉಳುವವರು ಪಾಲಿಗೆ ಮಾಡುವವರು, ಕರಿಯರು, ಬಡ ಬಿಳಿಯರು. ಹೇಸರಗತ್ತೆ ಧಣಿಯದು, ಬೀಜ ಧಣಿಯದು, ಅಂಗಡಿ ಧಣಿಯದು, ಲೆಕ್ಕದ ಪುಸ್ತಕವಂತೂ ಧಣಿಯದೇ. ವರ್ಷಕ್ಕೋ ಎರಡು ವರ್ಷಕ್ಕೋ ಗಂಟುಮೂಟೆ ಕಟ್ಟುವವನಿಗೆ ಅಧಿಕಾರಿ ಬಂದು, ಬದು ಹಾಕಿದರೆ ಮುಂದಿನ ಪೀಳಿಗೆಗೆ ಒಳ್ಳೆಯದು ಎಂದು ಉಪದೇಶಿಸಿದರೆ ಅವನು ಏನನ್ನಬೇಕು? ಯಾರ ಮುಂದಿನ ಪೀಳಿಗೆ ಎಂದು ಕೇಳುವಷ್ಟು ಸಲಿಗೆಯೂ ಅವನಿಗಿರಲಿಲ್ಲ. ಬೆಳೆ ಬಿಟ್ಟದ್ದಕ್ಕೆ ಬಂದ ಚೆಕ್ಕು ಧಣಿಯ ಹೆಸರಿಗೆ. ಅದರಲ್ಲಿ ಪಾಲು ಕೊಡಬೇಕೆಂಬ ನಿಯಮ ಬಿಗಿಯಾದಾಗ ಧಣಿಗಳು ಸುಲಭದ ಉಪಾಯ ಹುಡುಕಿದರು: ಪಾಲುದಾರನನ್ನೇ ಬಿಡಿಸಿ ದಿನಗೂಲಿಗೆ ಇಟ್ಟುಕೊಳ್ಳುವುದು. ಹೀಗೆ ಮಣ್ಣು ನಿಂತಿತು, ಮನುಷ್ಯ ಕೊಚ್ಚಿಹೋದ.

ನೀರಿನ ಕತೆ ಬೇರೆ. 1936ರ ಮಾರ್ಚಿನಲ್ಲಿ ಪಿಟ್ಸ್‌ಬರ್ಗ್ ಮುಳುಗಿದ ಮೇಲೆ ಜೂನಿನಲ್ಲಿ ಪ್ರವಾಹ ನಿಯಂತ್ರಣ ಕಾನೂನು ಬಂತು. ಅದರ ಪ್ರಕಾರ ಹೊಲಕ್ಕೆ ಬಿದ್ದ ಹನಿ ಕೃಷಿ ಇಲಾಖೆಯದು. ಅದೇ ಹನಿ ನದಿ ಸೇರಿದೊಡನೆ ವರ್ಗಾವಣೆಯಾಗಿ ಸೈನ್ಯದ ಎಂಜಿನಿಯರುಗಳ ಸುಪರ್ದಿಗೆ. ಎಂಜಿನಿಯರುಗಳ ಅಣೆಕಟ್ಟು, ಏರಿಗಳಿಗೆ 31 ಕೋಟಿ ಡಾಲರಿನಷ್ಟು ಮಂಜೂರಾತಿ. ಹೊಲದಲ್ಲೇ ನೀರು ತಡೆಯುತ್ತೇವೆ ಎಂದ ಕೃಷಿ ಇಲಾಖೆಗೆ ಸರ್ವೆ ಮಾಡಿಕೊಂಡಿರಿ ಎಂಬ ಅಪ್ಪಣೆ. ಸರ್ವೆ ಮುಗಿದು 11 ಜಲಾನಯನಗಳಲ್ಲಿ ಕಾಮಗಾರಿಗೆ ಒಪ್ಪಿಗೆ ಸಿಕ್ಕಿದ್ದು 1944ರಲ್ಲಿ. ಬದು ಉದ್ಘಾಟಿಸಿ ರಿಬ್ಬನ್ ಕತ್ತರಿಸಿದ ನಾಯಕರನ್ನು ಎಲ್ಲಾದರೂ ಕಂಡಿದ್ದೀರಾ?

ಕೊರಕಲಿಗಾದರೆ ರಿಬ್ಬನ್ ಭಾಗ್ಯವಿದೆ. ಜಾರ್ಜಿಯದ ಸ್ಟ್ಯುವರ್ಟ್ ಕೌಂಟಿಯಲ್ಲಿ ಹತ್ತಿ ಬೇಸಾಯ ಕೊರೆದ ಹಳ್ಳಗಳು 150 ಅಡಿ ಆಳಕ್ಕೆ ಇಳಿದಿವೆ, ಕೆಂಪು, ಗುಲಾಬಿ, ಬಿಳಿ ಬಣ್ಣದ ಗೋಡೆಗಳ ಸಮೇತ. ಕೊಟ್ಟಿಗೆಯ ಸೂರಿನಿಂದ ಸೋರಿದ ನೀರಿನಿಂದ ಇದೆಲ್ಲ ಶುರುವಾಯಿತೆಂದು ಊರವರು ಕತೆ ಹೇಳುತ್ತಾರೆ. ತಪ್ಪು ಸೂರಿನದಾದರೆ ನೇಗಿಲಿಗೆ ನೆಮ್ಮದಿ. ದೇಶವೆಲ್ಲ ಸವಕಳಿಯೆಂದು ಎದೆ ಬಡಿದುಕೊಳ್ಳುತ್ತಿದ್ದ 1930ರ ದಶಕದಲ್ಲೇ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ಸ್ಥಳೀಯರು ದುಂಬಾಲು ಬಿದ್ದರು. 1971ರಲ್ಲಿ ರಾಜ್ಯ ಉದ್ಯಾನವಾಯಿತು. ಹೆಸರು ಪ್ರಾವಿಡೆನ್ಸ್ ಕ್ಯಾನಿಯನ್, ದೈವಕೃಪೆಯ ಕಣಿವೆ! ಜನ ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಮತ್ತೆ ನೀರಿಗೆ ಬರೋಣ. 1937ರ ಜನವರಿಯಲ್ಲಿ ಓಹಾಯೊ ನದಿ ಉಕ್ಕಿತು. ಇಲಿನಾಯಿಯ ಕೈರೋ ಪಟ್ಟಣವನ್ನು ಉಳಿಸಲು ಎಂಜಿನಿಯರುಗಳು ಎದುರು ದಡದಲ್ಲಿ, ಮಿಸ್ಸೂರಿಯ ಬರ್ಡ್ಸ್ ಪಾಯಿಂಟ್ ಏರಿಗೆ ಸಿಡಿಮದ್ದು ಇಟ್ಟು ಒಡೆದರು. ಸುಮಾರು 1.3 ಲಕ್ಷ ಎಕರೆ ಹೊಲ ಮುಳುಗಿತು. ಅಕ್ರಮವೇನಿಲ್ಲ. ಹಾಗೆ ಮುಳುಗಿಸಲೆಂದೇ ಮೀಸಲಿಟ್ಟ ಭೂಮಿ, ಹಣ ಕೊಟ್ಟು ಹಕ್ಕು ಪಡೆದದ್ದು. ಹಕ್ಕಿನ ಹಣ ಮಾಲೀಕರಿಗೆ, ನೀರು ಅಲ್ಲಿ ಪಾಲಿಗೆ ಮಾಡುತ್ತಿದ್ದವರಿಗೆ.

ಎರಡು ವರ್ಷದ ಮೇಲೆ, 1939ರ ಜನವರಿಯಲ್ಲಿ, ಅದೇ ಸೀಮೆಯಲ್ಲಿ ಧಣಿಗಳು ಬಿಡಿಸಿದ ಸುಮಾರು 1500 ಜನ ತಮ್ಮ ಪಾದ್ರಿ ಓವನ್ ವಿಟ್‌ಫೀಲ್ಡ್ ಮಾತಿನಂತೆ ಒಲೆ, ಹಾಸಿಗೆ, ಕೋಳಿ, ಕೂಸುಗಳ ಸಮೇತ ಹೆದ್ದಾರಿಯ ಬದಿಗೆ ಬಂದು ಕುಳಿತರು. ಹಿಮ ಬೀಳುತ್ತಿತ್ತು. ಸರ್ಕಾರದ ಕಣ್ಣಿಗೆ ತಕ್ಷಣ ಬಿದ್ದರು, ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು. ಪೊಲೀಸರು ಲಾರಿಗಳಲ್ಲಿ ತುಂಬಿ ರಸ್ತೆ ಖುಲ್ಲಾ ಮಾಡಿದರು. ಅವರಲ್ಲಿ ಒಂದಷ್ಟು ಜನರನ್ನು ಇಳಿಸಲು ಅಧಿಕಾರಿಗಳಿಗೆ ಹೊಳೆದ ಜಾಗ, ಪ್ರವಾಹ ಬಂದರೆ ನೀರು ನುಗ್ಗಿಸಲು ಮೀಸಲಿಟ್ಟ ಅದೇ ಭೂಮಿ. 1940ರ ದಶಕದಲ್ಲಿ ಕರಿಯ ರೈತರು ಕೈಯಲ್ಲಿ ದುಡ್ಡು ಹಿಡಿದು ಜಮೀನು ಕೇಳಿದಾಗಲೂ ಅವರಿಗೆ ಮಾರಿದ್ದು ಅಲ್ಲಿನ ನೆಲವನ್ನೇ. ಪಿನ್‌ಹುಕ್ ಎಂಬ ಊರು ಕಟ್ಟಿಕೊಂಡರು. 2011ರ ಮೇ 2ರ ರಾತ್ರಿ ಎಂಜಿನಿಯರುಗಳು ಬರ್ಡ್ಸ್ ಪಾಯಿಂಟ್ ಏರಿಯನ್ನು ಮತ್ತೊಮ್ಮೆ ಸಿಡಿಸಿದರು. ಕಾನೂನು ಪ್ರಕಾರವೇ.