ಬೆಂಕಿಗೆ ಮುಂಚೆ ಬರುವ ಕಾಗದ

ಉತ್ತರ ಕ್ಯಾಲಿಫೋರ್ನಿಯದ ಬ್ಯೂಟ್ ಕೌಂಟಿಯಲ್ಲಿ ಪ್ರಕೃತಿ ವಿಕೋಪಕ್ಕೆ ಬರವಿಲ್ಲ. ಬರ ಇರುವುದು ವಿಮೆ ಕೊಡುವವರಿಗೆ. 2017ರ ಫೆಬ್ರುವರಿಯಲ್ಲಿ ಓರೊವಿಲ್ ಅಣೆಕಟ್ಟಿನ ಕೋಡಿ ಕೊರೆದುಹೋಗಿ ಸುಮಾರು 1,88,000 ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ಮರುವರ್ಷ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಪಟ್ಟಣ ಹೆಚ್ಚುಕಡಿಮೆ ಪೂರ್ತಿ ಬೂದಿಯಾಯಿತು. ಆ ಕಾಳ್ಗಿಚ್ಚು ತೆಗೆದುಕೊಂಡದ್ದು 85 ಜೀವ, 18,000ಕ್ಕೂ ಹೆಚ್ಚು ಕಟ್ಟಡ. 2020ರಲ್ಲಿ ಬೆರಿ ಕ್ರೀಕ್ ಎಂಬ ಊರು ಸುಟ್ಟಿತು, 2021ರಲ್ಲಿ ಡಿಕ್ಸಿ ಬೆಂಕಿ ಬಂತು, 2024ರಲ್ಲಿ ಪಾರ್ಕ್ ಬೆಂಕಿ ನಾಲ್ಕು ಲಕ್ಷ ಎಕರೆಗೂ ಹೆಚ್ಚು ನೆಕ್ಕಿತು. ಅಲ್ಲಿನ ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರುವುದಿಲ್ಲ, ಭೂಕಂಪವೂ ಸೇರುವುದಿಲ್ಲ. ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ಟಬೇಕು. ಉಳಿದದ್ದು ಬೆಂಕಿ. ಈಗ ಕಂಪನಿಗಳಿಗೆ ಅದೂ ಬೇಡವಂತೆ.

ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಜನ ಅವರಲ್ಲ. ಕಾಗದ ಬರುತ್ತದೆ, ಅದೂ 75 ದಿನ ಮುಂಚಿತವಾಗಿ, ಕಾನೂನು ಹಾಗಿದೆ. ಇಷ್ಟು ವರ್ಷ ನಮ್ಮಲ್ಲಿ ವಿಶ್ವಾಸ ಇಟ್ಟಿದ್ದಕ್ಕೆ ಕೃತಜ್ಞರು, ಇನ್ನು ಮುಂದೆ ನಿಮ್ಮ ದಾರಿ ನಿಮಗೆ ಎಂಬುದು ಅದರ ತಾತ್ಪರ್ಯ. ಮೂವತ್ತು ವರ್ಷ ಒಂದೇ ಒಂದು ಕ್ಲೇಮು ಹಾಕದೆ ಕಂತು ಕಟ್ಟಿದ ಮುದುಕರಿಗೂ ಇದೇ ಒಕ್ಕಣೆ. ಕಾರಣ ಕೇಳಿದರೆ ಆಕಾಶದಿಂದ ತೆಗೆದ ಚಿತ್ರ ತೋರಿಸುತ್ತಾರೆ: ನೋಡಿ, ನಿಮ್ಮ ಸೂರಿನ ಮೇಲೆ ಪೈನ್ ಮರದ ಕೊಂಬೆ ಬಾಗಿದೆ. ಕಂತು ವಸೂಲಿ ಮಾಡುವಾಗ ಆ ಮರ ಇರಲಿಲ್ಲವೇ ಎಂದು ಕೇಳುವಂತಿಲ್ಲ. ಆಗ ಅದು ನೆರಳು, ಈಗ ಅದು ಅಪಾಯ.

ಸರಿ ಎಂದು ಮನೆಯವರು ಮರ ಕಡಿಸಿದರು. ದಂಬೆಗೆ ತಗಡು ಮುಚ್ಚಿಸಿದರು, ಗಾಳಿಗಿಂಡಿಗೆ ಕಿಡಿ ನುಗ್ಗದ ಜಾಲರಿ ಬಡಿಸಿದರು, ಗೋಡೆಯಿಂದ ಐದಡಿವರೆಗೆ ಹುಲ್ಲುಗರಿಯೂ ಇಲ್ಲದಂತೆ ಜಲ್ಲಿ ಸುರಿಸಿದರು. ಹೀಗೆ ಮನೆ ಭದ್ರ ಮಾಡಿಕೊಂಡವರಿಗೆ ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕು ಎಂದು ರಾಜ್ಯ 2022ರಲ್ಲಿ ನಿಯಮ ಮಾಡಿತು. ರಿಯಾಯಿತಿ ಕೊಡಲೇಬೇಕು, ಪಾಲಿಸಿ ಕೊಡಲೇಬೇಕು ಎಂದಿಲ್ಲ.

ಕಂಪನಿಗಳ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಮರ್ಸೆಡ್ ಪ್ರಾಪರ್ಟಿ ಅಂಡ್ ಕ್ಯಾಶುಯಲ್ಟಿ ಎಂಬ ಸಣ್ಣ ಕಂಪನಿ 1906ರಿಂದ ಮರ್ಯಾದೆಯಾಗಿ ವ್ಯಾಪಾರ ಮಾಡಿಕೊಂಡಿತ್ತು. ಪ್ಯಾರಡೈಸ್ ಸುಟ್ಟ ದಿನ ಅದರ ಆಸ್ತಿ ಸುಮಾರು 2.3 ಕೋಟಿ ಡಾಲರ್, ಆ ಒಂದೇ ಊರಿಗೆ ಕೊಡಬೇಕಾದದ್ದು 6.4 ಕೋಟಿ. ತಿಂಗಳು ತುಂಬುವಷ್ಟರಲ್ಲಿ ಅಂಗಡಿ ಮುಚ್ಚಿತು. ಅದನ್ನು ಕಂಡ ದೊಡ್ಡವರು ಜಾಣರಾದರು. ಸ್ಟೇಟ್ ಫಾರ್ಮ್ 2023ರ ಮೇ ತಿಂಗಳಲ್ಲಿ ಇಡೀ ರಾಜ್ಯದಲ್ಲಿ ಹೊಸದಾಗಿ ಮನೆಗಳಿಗೆ ವಿಮೆ ಮಾಡುವುದನ್ನೇ ನಿಲ್ಲಿಸಿತು, ಮರುವರ್ಷ 72,000 ಪಾಲಿಸಿಗಳನ್ನು ಕೈಬಿಡುತ್ತೇವೆಂದು ಸಾರಿತು.

ಎಲ್ಲರೂ ಕೈಬಿಟ್ಟವರಿಗೆ ಫೇರ್ ಪ್ಲ್ಯಾನ್ ಎಂಬ ಕೊನೆಯ ಆಸರೆ ಇದೆ. ಇದು 1968ರಲ್ಲಿ ಹುಟ್ಟಿದ್ದು, ರಾಜ್ಯದ ವಿಮಾ ಕಂಪನಿಗಳೆಲ್ಲ ಸೇರಿ ನಡೆಸಬೇಕಾದದ್ದು. ಅಂದರೆ ಮುಂಬಾಗಿಲಲ್ಲಿ ನಿಮ್ಮನ್ನು ಹೊರಗೆ ಕಳಿಸಿದವರೇ ಹಿತ್ತಿಲ ಬಾಗಿಲಲ್ಲಿ ಒಟ್ಟಾಗಿ ನಿಂತು, ಬನ್ನಿ, ದರ ಸ್ವಲ್ಪ ಜಾಸ್ತಿ ಎನ್ನುತ್ತಾರೆ. ಅದು ಬೆಂಕಿ, ಸಿಡಿಲು, ಹೊಗೆ, ಮನೆಯೊಳಗಿನ ಸ್ಫೋಟ ಇಷ್ಟನ್ನು ನೋಡಿಕೊಳ್ಳುತ್ತದೆ. ಕಳ್ಳ ನುಗ್ಗಿದರೆ, ನಲ್ಲಿ ಒಡೆದರೆ ಇನ್ನೊಂದು ಪಾಲಿಸಿ. ಒಂದು ಸೂರಿಗೆ ಎರಡು ಕಂತು.

ಹಾಳಾಗಿ ಹೋಗಲಿ, ವಿಮೆಯೇ ಬೇಡ ಎನ್ನಲು ಬ್ಯಾಂಕು ಬಿಡುವುದಿಲ್ಲ. ಸಾಲದ ಮನೆಗೆ ವಿಮೆ ಇರಲೇಬೇಕು. ನೀವು ಮಾಡಿಸದಿದ್ದರೆ ಬ್ಯಾಂಕೇ ಮಾಡಿಸಿ ಖರ್ಚನ್ನು ನಿಮ್ಮ ಲೆಕ್ಕಕ್ಕೆ ಹಚ್ಚುತ್ತದೆ. ಆ ಪಾಲಿಸಿ ಸಾಮಾನ್ಯವಾಗಿ ದುಬಾರಿ, ಮುಖ್ಯವಾಗಿ ಕಾಪಾಡುವುದು ಬ್ಯಾಂಕಿನ ಸಾಲವನ್ನು. ನಿಮ್ಮ ಮಂಚ, ಪಾತ್ರೆ, ಬಟ್ಟೆಬರೆ ನಿಮ್ಮ ಹಣೆಬರಹ. ಸಾಲ ತೀರಿಸಿಕೊಂಡ ಪಿಂಚಣಿದಾರರು ಮಾತ್ರ ಧೈರ್ಯವಾಗಿ ಬರಿಗೈಲಿ ಕೂರಬಹುದು. ಅದನ್ನು ಸ್ವಾತಂತ್ರ್ಯ ಎನ್ನುತ್ತಾರೆ.

ಇಷ್ಟಕ್ಕೂ ಪ್ಯಾರಡೈಸ್‌ಗೆ ಬೆಂಕಿ ಹಚ್ಚಿದ್ದು ಪೈನ್ ಮರವಲ್ಲ. ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿಯ ಸುಮಾರು ನೂರು ವರ್ಷ ಹಳೆಯ ಲೈನಿನ ಕೊಕ್ಕೆಯೊಂದು ಸವೆದು ತುಂಡಾಯಿತು, ತಂತಿ ಕಿಡಿ ಉದುರಿಸಿತು. ಕೊಕ್ಕೆಯ ಚಿತ್ರವನ್ನು ಆಕಾಶದಿಂದ ಯಾರೂ ತೆಗೆದಿರಲಿಲ್ಲವೆಂದು ತೋರುತ್ತದೆ. 2020ರಲ್ಲಿ ಕಂಪನಿ 84 ನರಹತ್ಯೆಯ ತಪ್ಪನ್ನು ಕೋರ್ಟಿನಲ್ಲಿ ಒಪ್ಪಿಕೊಂಡಿತು. ಕಂಪನಿಯನ್ನು ಜೈಲಿಗೆ ಹಾಕಲು ಬರುವುದಿಲ್ಲ. ಸುಮಾರು 35 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡು ಕಳಿಸಿದರು. ಈ ಬೆಂಕಿಗೂ ಕಂಪನಿಯದೇ ಇನ್ನು ಕೆಲವಕ್ಕೂ ಸೇರಿಸಿ ಸಂತ್ರಸ್ತರಿಗೆ 1,350 ಕೋಟಿ ಡಾಲರ್ ಪರಿಹಾರ ನಿಧಿ ಗೊತ್ತಾಯಿತು. ಅದರಲ್ಲಿ ಅರ್ಧ ನಗದು, ಇನ್ನರ್ಧ ಅದೇ ಕಂಪನಿಯ ಷೇರು! ಮನೆ ಕಳೆದುಕೊಂಡವರು ಬೆಳಗೆದ್ದು ಮನೆ ಸುಟ್ಟವರ ಷೇರು ಏರಲಿ ಎಂದು ಹರಕೆ ಹೊರಬೇಕಾಯಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವುದನ್ನು ಕೇಳಿದ್ದೇವೆ. ಆ ಗಳಕ್ಕೆ ಮನೆಯವನನ್ನೇ ಪಾಲುದಾರ ಮಾಡಿದ್ದು ಹೊಸತು.

ಪ್ಯಾರಡೈಸ್ ಸುಟ್ಟ ಆ ದಿನಗಳಲ್ಲಿ ಹೊಗೆ ಇನ್ನೂರು ಕಿಲೋಮೀಟರಿಗೂ ದೂರದ ಸಿಲಿಕಾನ್ ಕಣಿವೆಗೆ ಇಳಿದು ಶಾಲೆಗಳಿಗೆ ರಜೆ ಕೊಟ್ಟರು. ಅಲ್ಲಿನ ನಮ್ಮ ಕನ್ನಡಿಗರು ಮಾಸ್ಕು ಹುಡುಕಿದರು, ಅಯ್ಯೋ ಪಾಪ ಎಂದರು. ಈಗ ಸರಟೋಗ, ಲಾಸ್ ಗ್ಯಾಟೋಸ್ ಕಡೆಯ ಗುಡ್ಡದ ಮನೆಗಳಿಗೂ ಅದೇ ಕಾಗದ ಬರುತ್ತಿರುವುದರಿಂದ ಪಾಪ ಯಾರು ಎಂಬುದು ಗೊಂದಲವಾಗಿದೆ.

ಕಾಡಿನ ಅಂಚಿನಲ್ಲಿ ಮನೆ ಕಟ್ಟಬೇಡಿ ಎನ್ನಲು ಕೌಂಟಿಗೆ ಬಾಯಿಲ್ಲ, ತೆರಿಗೆ ಬೇಕು. ರಾಜ್ಯಕ್ಕೆ ಬಾಯಿಲ್ಲ, ಓಟು ಬೇಕು. ಹಾಗಾಗಿ ಆ ಅಪ್ರಿಯ ಸತ್ಯವನ್ನು ಹೇಳುವ ಕೆಲಸ ಕಂತಿನ ಬಿಲ್ಲಿಗೆ ಬಂದಿದೆ, ಬಿಲ್ಲು ಅದನ್ನು ದುಡ್ಡಿಲ್ಲದವರಿಗೆ ಮಾತ್ರ ಹೇಳುತ್ತದೆ. ಹಿಂದೆ ದರ ಕಟ್ಟಲು ಕಳೆದ ವರ್ಷಗಳ ಬೆಂಕಿಯ ಲೆಕ್ಕ ನೋಡಬೇಕಿತ್ತು. 2024ರ ಕೊನೆಯಿಂದ ಕಂಪ್ಯೂಟರ್ ಬರೆದ ಭವಿಷ್ಯವೂ ನಡೆಯುತ್ತದೆ. ಜಾತಕದಲ್ಲಿ ದೋಷವಿದ್ದರೆ ಶಾಂತಿ ಮಾಡಿಸಬಹುದಿತ್ತು. ಇಲ್ಲಿ ದಕ್ಷಿಣೆ ಮಾತ್ರ ಉಂಟು.

ರಾಜ್ಯದ ವಿಮಾ ಕಮಿಷನರ್ ರಿಕಾರ್ಡೊ ಲಾರಾ ಅವರ ಕಚೇರಿ ಜನರ ಪರವಾಗಿ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಕಾಳ್ಗಿಚ್ಚಿಗೆ ತುರ್ತುಸ್ಥಿತಿ ಘೋಷಣೆಯಾದರೆ, ಸುಟ್ಟ ಪ್ರದೇಶದ ಮತ್ತು ಅದಕ್ಕೆ ತಾಗಿದ ಪಿನ್‌ಕೋಡುಗಳ ಮನೆಗಳ ಪಾಲಿಸಿಯನ್ನು, ಬೆಂಕಿಯ ಅಪಾಯವಿದೆ ಎಂದು ಒಂದು ವರ್ಷ ಕೈಬಿಡುವಂತಿಲ್ಲ. ಒಳ್ಳೆಯ ಕಾನೂನು. ಇದರ ಪ್ರಕಾರ ಬ್ಯೂಟ್ ಕೌಂಟಿಯಲ್ಲಿ ವಿಮೆ ಉಳಿಸಿಕೊಳ್ಳುವ ಅತ್ಯಂತ ಖಚಿತ ವಿಧಾನವೆಂದರೆ ಪಕ್ಕದ ಊರು ಸುಡುವುದು. ಸುಟ್ಟು ಹನ್ನೆರಡು ತಿಂಗಳು ಆಗುತ್ತ ಬಂದ ಹಾಗೆ ಜನ ಟಪಾಲು ಪೆಟ್ಟಿಗೆಯನ್ನೂ ನೋಡುತ್ತಾರೆ, ಪಕ್ಕದ ಗುಡ್ಡವನ್ನೂ ನೋಡುತ್ತಾರೆ.