ಚಾಡಿಕೋರ ಫೋಟೊ

ಷಷ್ಟ್ಯಬ್ದಿಯ ಕರೆಯೋಲೆಗೆ ಮಾವ ಆರಿಸಿದ್ದು ಜೋಗದಲ್ಲಿ ತೆಗೆದ ಹಳೇ ಫೋಟೊ. "ಹಿಂದಿನ ನೀರು ಅಳಿಸೋ, ಹೋದ ತಿಂಗಳು ಮನೇಲಿ ತೆಗೆದದ್ದು ಅಂದ್ರಾಯ್ತು!"

ಬಿಟ್ಟಿ ಸಿಗುವ ಗಿಂಪ್ ಇರುವಾಗ ಸ್ಟುಡಿಯೊ ಯಾಕೆ? 1996ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಲೋಕಕ್ಕೆ ಬಿಟ್ಟ ತಂತ್ರಾಂಶವದು. ಮೂರು ಗಂಟೆ ಕೂತು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಒಣಗಿಸಿ, ಸುಣ್ಣದ ಗೋಡೆ ಎಬ್ಬಿಸಿದೆ. ಶರಾವತಿಗೆ ಅಣೆಕಟ್ಟು ಕಟ್ಟಿದವರೂ ಇಷ್ಟು ಮಾಡಿರಲಿಲ್ಲ!

ಆದರೆ ಎಕ್ಸ್‌ಪೋರ್ಟ್ ಮಾಡುವಾಗ ‘ಎಕ್ಸಿಫ್’ ಅನ್ನುವ ಪುಟ್ಟ ಚೌಕದ ಟಿಕ್ ತೆಗೆಯಲು ಮರೆತೆ. ಕ್ಯಾಮೆರಾ ಬರೆದಿಟ್ಟ ಜಾತಕ ಫೈಲಿನಲ್ಲೇ ಉಳಿಯಿತು.

ಅತ್ತೆ ಮೊಬೈಲಿನಲ್ಲಿ ‘ವಿವರ’ ಒತ್ತಿದರು. "ಹೋದ ತಿಂಗಳು ಅಂದ್ರೆ 2009ರ ಆಗಸ್ಟಾ? ಆವತ್ತು ಆಫೀಸ್ ಆಡಿಟ್ ಅಂದಿದ್ರಲ್ಲ!"

ಮಾವ ನನ್ನನ್ನೇ ನೋಡಿದರು.