ಡ್ಯಾನ್ಯೂಬ್ ರಾಯರು

ಯುರೋಪಿನ ನದಿವಿಹಾರದಷ್ಟು ಸೋಮಾರಿಗಳಿಗೆ ಹೇಳಿಮಾಡಿಸಿದ ಪ್ರವಾಸ ಇನ್ನೊಂದಿಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹಡಗು ಹತ್ತಿದರೆ ಏಳು ರಾತ್ರಿ ಕಳೆದ ಮೇಲೆ ಬುಡಾಪೆಸ್ಟ್‌ನಲ್ಲಿ ಇಳಿಸುತ್ತಾರೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು. ಆಮೇಲೆ ಊರುಗಳೇ ಸರದಿಯ ಮೇಲೆ ಕಿಟಕಿಯ ಬಳಿ ಬಂದು ನಿಲ್ಲುತ್ತವೆ. ಮೆಲ್ಕ್ ಮಠ ಯಾವ ದಿನ, ವಿಯೆನ್ನಾದಲ್ಲಿ ಎಷ್ಟು ಗಂಟೆ, ರಾತ್ರಿ ಊಟಕ್ಕೆ ಯಾವ ಸೂಪು ಎಂಬುದನ್ನೆಲ್ಲ ಕಂಪನಿಯವರು ಮೊದಲೇ ಗೊತ್ತುಮಾಡಿರುತ್ತಾರೆ. ಪ್ರಯಾಣಿಕನ ಪಾಲಿಗೆ ಉಳಿಯುವುದು ದುಡ್ಡು ಕಟ್ಟುವುದು ಮತ್ತು ಹೊತ್ತುಹೊತ್ತಿಗೆ ಹಸಿವು ಮಾಡಿಕೊಳ್ಳುವುದು, ಎರಡೇ. ಹೀಗಿದ್ದೂ ಬುಕಿಂಗ್ ಆದ ಮಾರನೆಯ ದಿನದಿಂದ ವರ್ಷಗಟ್ಟಲೆ ಬೆವರು ಸುರಿಸಿ ತಯಾರಿ ನಡೆಸುವ ಜನ ಜಯನಗರ, ಬಸವನಗುಡಿ, ಸರಸ್ವತಿಪುರಂ ಕಡೆ ಕಾಣಸಿಗುತ್ತಾರೆ. ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರು. ಪಿಂಚಣಿ ಇದೆ, ಮಂಡಿನೋವು ಹತೋಟಿಯಲ್ಲಿದೆ. ಹೆಸರಿಗೊಂದು ಹೆಸರಿರಲಿ, ಡ್ಯಾನ್ಯೂಬ್ ರಾಯರು ಎನ್ನೋಣ.

ರಾಯರಿಗೆ ಪ್ರವಾಸದ ಹುಚ್ಚು ಎಂದು ಬೀದಿಯವರು ಹೇಳುತ್ತಾರೆ. ಅದು ತಪ್ಪು ರೋಗನಿರ್ಣಯ. ಅವರಿಗಿರುವುದು ಯೋಜನೆಯ ಹುಚ್ಚು, ಮತ್ತು ಆ ಹುಚ್ಚಿನವರು ಆರಿಸಿಕೊಳ್ಳಬಾರದ ಪ್ರವಾಸವೊಂದಿದ್ದರೆ ಅದು ನದಿವಿಹಾರವೇ. ತಿರುಪತಿಗೆ ಹೊರಟಾಗಲೂ ತಪ್ಪಿಹೋಗಬಹುದಾದ ರೈಲಿಗೆ ಬದಲಿ ರೈಲು, ಅದಕ್ಕೊಂದು ಬದಲಿ ಬಸ್ಸು ಗೊತ್ತುಮಾಡಿಕೊಂಡು ಬಾಳಿದ ಜೀವಕ್ಕೆ, ಎಲ್ಲವೂ ನಿಶ್ಚಯವಾಗಿರುವ ಪ್ಯಾಕೇಜನ್ನು ಕೈಗಿಟ್ಟರೆ ಅದು ಎರಡನೆಯ ನಿವೃತ್ತಿ. ಮೊದಲನೆಯದರಲ್ಲಿ ಹಾರವಾದರೂ ಹಾಕಿದ್ದರು. ಆದ್ದರಿಂದ ರಾಯರು ಕೆಲಸವನ್ನು ಸೃಷ್ಟಿಸಿಕೊಳ್ಳುತ್ತಾರೆ. ಅವರ ಭಾಷಾಭ್ಯಾಸದ ಗುಟ್ಟೂ ಇದೇ ಎಂಬುದು ನನ್ನ ವಾದ.

ಮೊದಲ ಕೆಲಸ ನೀರಿನ ಮಟ್ಟ. ಮುಂಗಾರು ಬಂತೆಂದರೆ ಪತ್ರಿಕೆ ತೆರೆದು ಕೆಆರ್‌ಎಸ್ 124.80 ಅಡಿಗೆ ಎಷ್ಟು ಕಡಿಮೆ ಇದೆ ಎಂದು ನೋಡಿ ಆಮೇಲೆ ಕಾಫಿ ಕುಡಿಯುವುದು ನಮ್ಮವರ ಹಳೆಯ ಅಭ್ಯಾಸ. ರಾಯರು ಅದೇ ಕಣ್ಣನ್ನು ಬವೇರಿಯಾದ ಪ್ಫೆಲ್ಲಿಂಗ್ ಎಂಬ ಹಳ್ಳಿಯ ಮಾಪನಪಟ್ಟಿಯ ಮೇಲೆ ನೆಡುತ್ತಾರೆ. ಏಕೆಂದರೆ ಸ್ಟ್ರಾವ್‌ಬಿಂಗ್‌ನಿಂದ ಫಿಲ್ಸ್‌ಹೋಫೆನ್‌ವರೆಗೆ ಡ್ಯಾನ್ಯೂಬಿಗೆ ಅಣೆಕಟ್ಟಿಲ್ಲ. ಬೇಸಿಗೆ ಒಣಗಿದರೆ ಅಲ್ಲಿ ಹಡಗಿನ ತಳ ನೆಲ ಮುಟ್ಟುತ್ತದೆ, ಮಳೆ ಹೆಚ್ಚಾದರೆ ಹಡಗಿನ ತಲೆ ಸೇತುವೆಗೆ ತಾಗುತ್ತದೆ. ಇದು ಸಾಲದೆಂದು ಕೌಬ್ ಎಂಬ ಊರಿನ ಮಟ್ಟವನ್ನೂ ನೋಡುತ್ತಾರೆ. ಕೌಬ್ ಇರುವುದು ರೈನ್ ನದಿಯ ಮೇಲೆ. ರಾಯರ ಹಡಗು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಆದರೇನು, ಕಾವೇರಿ ಸೀಮೆಯವರು ಆಲಮಟ್ಟಿಯ ಅಂಕಿಯನ್ನೂ ಓದುವುದಿಲ್ಲವೇ? 2018ರ ಅಕ್ಟೋಬರಿನಲ್ಲಿ ಕೌಬ್ ಮಾಪಕ 25 ಸೆಂಟಿಮೀಟರಿಗೆ ಇಳಿದಿತ್ತು ಎಂದು ರಾಯರು ಹೇಳಿದಾಗ ಕೇಳುವವನು ‘ಅಯ್ಯೋ, ಬರಿಗಾಲಲ್ಲಿ ದಾಟಬಹುದಲ್ಲ’ ಎನ್ನಬೇಕು. ಅದಕ್ಕಾಗಿಯೇ ಅವರು ಕಾದಿರುತ್ತಾರೆ. ಮಾಪಕದ ಸೊನ್ನೆ ನದಿಯ ತಳವಲ್ಲ, ಹಡಗಿನ ಹಾದಿಯ ಆಳ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಎಂದು ವಿವರಿಸುವಾಗ ಅವರ ಮುಖದಲ್ಲಿ ಕಾಣುವ ಕಳೆ ಮುಂದೆ ವಿಯೆನ್ನಾ ನೋಡಿದಾಗಲೂ ಕಾಣುವುದಿಲ್ಲ.

ವೀಸಾ ಇನ್ನೊಂದು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ ಎಂಬುದು ಷೆಂಗೆನ್ ನಿಯಮ. ಹಡಗು ನಡುರಾತ್ರಿಯಲ್ಲಿ ಗಡಿ ದಾಟಿದರೆ, ಮಲಗಿದ್ದು ಆಸ್ಟ್ರಿಯಾದಲ್ಲಿ ಎದ್ದದ್ದು ಸ್ಲೊವಾಕಿಯಾದಲ್ಲಿ ಆದರೆ, ಆ ನಿದ್ದೆ ಯಾರ ಖಾತೆಗೆ? ಇಂಥ ಪ್ರಶ್ನೆಗೆ ಎಕ್ಸೆಲ್ ಹಾಳೆಯೊಂದನ್ನು ಮೀಸಲಿಡಬಹುದು, ರಾಯರು ಇಟ್ಟಿರುತ್ತಾರೆ. ಉತ್ತರ ಮಾತ್ರ ಎರಡೇ ನಿಮಿಷದಲ್ಲಿ ‘ಜರ್ಮನಿ’ ಎಂದು ಬಂದುಬಿಡುತ್ತದೆ. ಉಳಿದವೂ ಹೀಗೇ ಸೊರಗುತ್ತವೆ. ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಕೂಡಿಸುವ 171 ಕಿಲೋಮೀಟರಿನ ಕಾಲುವೆ 1992ರಲ್ಲಿ ಮುಗಿಯಿತು, ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹಡಗನ್ನು ಹತ್ತಿಸುತ್ತದೆ, ಅದರ ಲಾಕ್‌ಗಳ ಅಗಲ 12 ಮೀಟರ್. ಇಷ್ಟನ್ನು ತಿಳಿದುಕೊಂಡ ಮೇಲೆ ತಿಳಿದುಕೊಳ್ಳುವುದು ಇನ್ನೇನಿದೆ?

ಭಾಷೆ ಇದೆ. ಅದು ಮುಗಿಯುವ ಪೈಕಿ ಅಲ್ಲ. ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟಿ ಹರಿಯುವ ನದಿಯಾದ್ದರಿಂದ ಯಾವ ಭಾಷೆ ಎಂಬ ತೀರ್ಮಾನಕ್ಕೇ ಒಂದು ತಿಂಗಳು ಸುಖವಾಗಿ ಕಳೆಯುತ್ತದೆ. ಧನ್ಯವಾದಕ್ಕೆ ಒಂದು ಪಟ್ಟಿ ತಯಾರಾಗುತ್ತದೆ: ಡಾಂಕೆ, ಜ್ಯಾಕುಯೆಮ್, ಕೋಸೋನೋಮ್, ಮುಂದೆಂದಾದರೂ ಬೆಲ್‌ಗ್ರೇಡಿನ ಕಡೆ ಹೋದರೆ ಇರಲಿ ಎಂದು ಹ್ವಾಲಾ. ಹಂಗೇರಿಯನ್ನರೂ ಕನ್ನಡಿಗರ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾರೆಂದು ಗೊತ್ತಾದ ದಿನ ರಾಯರು ಅವರನ್ನು ದೂರದ ದಾಯಾದಿಗಳೆಂದು ಘೋಷಿಸುತ್ತಾರೆ. ಪದಗಳಲ್ಲಿ ಒಂದಾದರೂ ನೆನಪಿನಲ್ಲಿ ನಿಲ್ಲಲೊಲ್ಲದು ಎಂದು ಕಂಡ ದಿನ ಆ ಸಂಬಂಧವನ್ನು ಕಡಿದುಕೊಳ್ಳುತ್ತಾರೆ. ಕೊನೆಗೆ ಜರ್ಮನ್ ಗಟ್ಟಿ. ಮೊಬೈಲಿನಲ್ಲಿ ಡ್ಯುವೊಲಿಂಗೊದ ಹಸಿರು ಗೂಬೆ ಬಂದು ಕೂರುತ್ತದೆ. ಗೂಬೆ ಮನೆ ಹೊಕ್ಕರೆ ಅಪಶಕುನ ಎನ್ನುವ ಮನೆತನದವರೇ ಅದು ಮುನಿಸಿಕೊಂಡೀತೆಂದು ಸಂಧ್ಯಾವಂದನೆಯನ್ನು ಐದು ನಿಮಿಷ ಮುಂದೂಡುತ್ತಾರೆ. ಡೆರ್, ಡೀ, ಡಾಸ್ ಎಂಬ ಮೂರು ಲಿಂಗ, ನಾಲ್ಕು ವಿಭಕ್ತಿ, ಅದಕ್ಕೆ ತಕ್ಕ ಹಾಗೆ ಬಾಲ ಬದಲಿಸುವ ವಿಶೇಷಣಗಳು. ಯೋಜಕನಿಗೆ ಇಷ್ಟು ಕೋಷ್ಟಕಗಳನ್ನು ಒದಗಿಸುವ ಭಾಷೆ ಅಪರೂಪ. ಅದೂ ಒಂದು ದಿನ ಮುಗಿದೀತು ಎನ್ನುವಷ್ಟರಲ್ಲಿ, ಗೂಬೆ ಕಲಿಸಿದ ಜರ್ಮನ್ ಆಸ್ಟ್ರಿಯಾದಲ್ಲಿ ಪೂರ್ತಿ ನಡೆಯುವುದಿಲ್ಲ ಎಂಬ ಸುವಾರ್ತೆ ಬರುತ್ತದೆ: ಆಲೂಗಡ್ಡೆಗೂ ಟೊಮೆಟೊಗೂ ಅಲ್ಲಿ ಬೇರೆ ಹೆಸರು, 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ಆಸ್ಟ್ರಿಯಾ ಇಂಥ 23 ತಿನಿಸಿನ ಪದಗಳಿಗೆ ಒಪ್ಪಂದದಲ್ಲೇ ರಕ್ಷಣೆ ಪಡೆದಿದೆ. ಎಕ್ಸೆಲ್‌ನಲ್ಲಿ ಹೊಸ ಹಾಳೆ ತೆರೆಯುತ್ತದೆ. ಜೊತೆಗೆ ಹೊರಟ ಮೂರು ದಂಪತಿಗಳ ವಾಟ್ಸಾಪ್ ಗುಂಪಿಗೆ ‘ಇಂದಿನ ಪದ’ ಹೋಗುತ್ತದೆ; ಕೈಮುಗಿದ ಇಮೋಜಿ ಹಿಂದಿರುಗುತ್ತದೆ.

ಹೋದ ಕಡೆ ಭಾಷೆ ಗೊತ್ತಿರುವುದು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯದೇ, ಆಡುವವರು ಸಿಕ್ಕಿದರೆ. ಹಡಗಿನ ಭಾಷೆ ಇಂಗ್ಲಿಷ್. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಮಾರ್ಗದರ್ಶಿ ಉಸುರುವುದೂ ಇಂಗ್ಲಿಷನ್ನೇ. ಊಟ ಬಡಿಸುವವನು ಫಿಲಿಪ್ಪೀನ್ಸ್‌ನವನೋ ರೊಮೇನಿಯಾದವನೋ ಆಗಿರುತ್ತಾನೆ. ಲಾಕ್ ಕಾಯುವವನ ಜೊತೆ ಎರಡು ಮಾತು ಆಡೋಣವೆಂದರೆ ಈಗ ಗೇಟುಗಳನ್ನು ದೂರದ ಕೇಂದ್ರದಲ್ಲಿ ಕೂತು ಗುಂಡಿ ಒತ್ತಿ ತೆರೆಯುವುದೇ ಹೆಚ್ಚು. ವಿಯೆನ್ನಾದ ಕಾಫಿಹೌಸಿನಲ್ಲಿ ರಾಯರು ವ್ಯಾಕರಣಶುದ್ಧವಾದ ಒಂದು ವಾಕ್ಯವನ್ನು, ಚತುರ್ಥಿ ವಿಭಕ್ತಿ ಸಮೇತ, ಇಳಿಸುತ್ತಾರೆ. ಮಾಣಿ ಇಂಗ್ಲಿಷಿನಲ್ಲಿ ‘ಹಾಲು ಬೇಕೆ?’ ಎನ್ನುತ್ತಾನೆ. ಇನ್ನು ಆಪತ್ತಿಗೆ ಬೇಕಾದೀತು ಎಂಬ ವಾದ. ಆಪತ್ತಿಗೆ 112 ಇದೆ, ಇಡೀ ಯುರೋಪಿಯನ್ ಒಕ್ಕೂಟಕ್ಕೆ ಒಂದೇ ಸಂಖ್ಯೆ. ಎದೆನೋವು ಬಂದಾಗ ವಿಶೇಷಣದ ಬಾಲ ಸರಿಪಡಿಸಿಕೊಂಡು ಮಾತಾಡುವವರು ಯಾರೂ ಇಲ್ಲ, ರಾಯರೊಬ್ಬರನ್ನು ಬಿಟ್ಟು.

ಮಿದುಳಿಗೆ ಒಳ್ಳೆಯದು ಎಂಬುದು ಮಗಳ ವಾದ, ಮತ್ತು ಇದಕ್ಕೆ ಪುರಾವೆ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಭಾಷೆ ಬಲ್ಲವರಿಗೆ ಮರೆಗುಳಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ರಾಯರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತಮಿಳು, ಬೀಗರ ಜೊತೆ ತೆಲುಗು ಆಡಿಕೊಂಡು ಬಂದವರು. ಅವರ ಕಂತು ಎಂದೋ ಜಮೆಯಾಗಿದೆ.

ರಾಯರದೇ ವಾದ ಬೇರೆ, ಮತ್ತು ಅದು ಹೆಚ್ಚು ಘನವಾದದ್ದು. ಕಿಟೆಲ್ ಕನ್ನಡ ಕಲಿಯಲಿಲ್ಲವೇ, ನಾವು ಜರ್ಮನ್ ಕಲಿತು ಋಣ ತೀರಿಸಬೇಡವೇ ಎನ್ನುತ್ತಾರೆ. ಕಲಿತರು, ನಿಜ. 1853ರಲ್ಲಿ ಬಂದವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆದರೆ ಕಿಟೆಲ್ಲರಿಗೆ ಧಾರವಾಡದ ಸೀಮೆಯಲ್ಲಿ ಇಂಗ್ಲಿಷಿನಲ್ಲಿ ಹಾಲು ಬೇಕೆ ಎನ್ನುವ ಮಾಣಿ ಸಿಕ್ಕಿರಲಿಲ್ಲ. ಕನ್ನಡವಿಲ್ಲದೆ ಅವರ ದಿನವೇ ಸಾಗುತ್ತಿರಲಿಲ್ಲ. ರಾಯರ ದಿನ ಜರ್ಮನ್ ಇಲ್ಲದೆ ಸೊಗಸಾಗಿ ಸಾಗುತ್ತದೆ, ಅವರಿಗಿರುವ ತೊಂದರೆಯೇ ಅದು. ಹಾಗೆಂದು ಇದನ್ನು ಬರಿಯ ಪ್ರದರ್ಶನ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಪ್ರದರ್ಶನಕ್ಕೆ ಹತ್ತು ವಾಕ್ಯ ಧಾರಾಳವಾಗಿ ಸಾಕು. ಬೆಳಗಿನ ಜಾವ ಎದ್ದು, ಯಾರೂ ನೋಡದ ಹೊತ್ತಿನಲ್ಲಿ, ವಾಕ್ಯದ ಕೊನೆಗೆ ಓಡಿಹೋಗುವ ಕ್ರಿಯಾಪದವನ್ನು ‘ಇದು ನಮ್ಮ ಕನ್ನಡದ ಕ್ರಮವೇ’ ಎಂದು ಅಕ್ಕರೆಯಿಂದ ಹಿಡಿದು ಕೂರಿಸುವವನು ಪ್ರದರ್ಶಕನಲ್ಲ. ಕೆಲಸವಿಲ್ಲದೆ ಇರಲಾರದವನು, ಅಷ್ಟೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ನೀರು ಇಳಿದ ವರ್ಷ ರಾಯರನ್ನು ನೋಡಬೇಕು. ಪ್ಫೆಲ್ಲಿಂಗ್‌ನಲ್ಲಿ ಮಟ್ಟ ಕುಸಿದಿದೆ, ಹಡಗು ಮುಂದೆ ಹೋಗದು, ರೇಗನ್ಸ್‌ಬರ್ಗ್‌ನಲ್ಲಿ ಇಳಿದು ಬಸ್ಸಿನಲ್ಲಿ ಪಾಸಾವ್‌ಗೆ ಹೋಗಿ ಅಲ್ಲಿ ಕಾದಿರುವ ಇನ್ನೊಂದು ಹಡಗು ಹತ್ತಬೇಕು ಎಂದು ಕ್ಯಾಪ್ಟನ್ ಪ್ರಕಟಿಸಿದಾಗ, ಲಕ್ಷಗಟ್ಟಲೆ ತೆತ್ತ ಜನರೆಲ್ಲ ಗೊಣಗುತ್ತಾರೆ. ರಾಯರೊಬ್ಬರು ಮದುವೆಮನೆಯ ಯಜಮಾನರ ಹಾಗೆ ಓಡಾಡುತ್ತಾರೆ. ಬಸ್ಸಿನ ದಾರಿ, ನಡುವಿನ ಶೌಚಾಲಯ, ಪೆಟ್ಟಿಗೆಗೆ ಕಟ್ಟುವ ಬಣ್ಣದ ದಾರ, ಎಲ್ಲ ಹಾಳೆ ಆರರಲ್ಲಿ ಸಿದ್ಧವಿದೆ. ಬಸ್ಸಿನಲ್ಲಿ ಚಾಲಕನ ಪಕ್ಕದ ಮುಂದಿನ ಸೀಟನ್ನು ಹಿಡಿದು, ಗಂಟಲು ಸರಿಮಾಡಿಕೊಂಡು, ಹೆದ್ದಾರಿಯ ದುರಸ್ತಿಯ ವಿಚಾರವಾಗಿ ಉದ್ದದ ವಾಕ್ಯವೊಂದನ್ನು ಶುರುಮಾಡುತ್ತಾರೆ. ಕ್ರಿಯಾಪದ ತಲುಪುವ ಹೊತ್ತಿಗೆ ಚಾಲಕ ಕ್ಷಮೆ ಕೇಳುವವನಂತೆ ನಕ್ಕು ತಾನು ಹಂಗೇರಿಯವನು ಎನ್ನುತ್ತಾನೆ. ರಾಯರು ಚೀಲದಿಂದ ಹಾಳೆ ಒಂಬತ್ತನ್ನು ಹೊರತೆಗೆಯುತ್ತಾರೆ.